ಶಿರಸ್ತೇದಾರ್ ಅಮ್ಮನೂ ಪಾರ್ಕಿಂಗ್ ದಾವೆಯೂ

ನಮ್ಮಮ್ಮನ ಹಲ್ಲು ಮುರಿದದ್ದು ನಾನು ಮಾಡಿದ ಕೋಡುಬಳೆಯಿಂದ. ಮೈಸೂರಿನಿಂದ ಆರು ತಿಂಗಳ ವೀಸಾದಲ್ಲಿ ಪರ್ತ್‌ಗೆ ಬಂದು ಆಗಿನ್ನೂ ಮೂರು ವಾರವಾಗಿತ್ತು. ಮಗಳ ಕೈರುಚಿ ನೋಡೋಣ ಅಂತ ಕಚ್ಚಿದರು. ಕಟಕ್ ಅಂತ ಸದ್ದಾಯಿತು. ಕೋಡುಬಳೆ ಹಾಗೇ ಇತ್ತು. ಅಂಗೈಯಲ್ಲಿ ಹಲ್ಲಿನ ಚೂರು ಹಿಡಿದುಕೊಂಡು, "ಹಿಟ್ಟಿಗೆ ಕಾದ ಎಣ್ಣೆ ಹಾಕಿ ಕಲಸಲಿಲ್ಲ ನೀನು" ಅಂದರು. ನಿಜ, ಹಾಕಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಥಾರ್ನ್ಲಿಯ ನಮ್ಮ ಮನೆಯಿಂದ ಹತ್ತು ನಿಮಿಷ ದೂರದ ಹಲ್ಲಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಸಿಕ್ಕಿತು. ನಾನು ಮಳೆನೀರಿನ ಚರಂಡಿಗಳ ನಕ್ಷೆ ಮಾಡುವ ಇಂಜಿನಿಯರು. ಅವತ್ತು ಆಫೀಸಿನಲ್ಲಿ ತಪ್ಪಿಸಲಾಗದ ಮೀಟಿಂಗ್ ಇತ್ತು. ನನ್ನ ಗಂಡನ ಕೆಲಸ ಉತ್ತರದ ಗಣಿಯಲ್ಲಿ. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಆ ವಾರ ಅವರು ಅಲ್ಲಿದ್ದರು. ಹಾಗಾಗಿ ಅಮ್ಮನನ್ನು ನನ್ನ ಹಳೆಯ ಕಾರಿನಲ್ಲಿ ಕರೆದುಕೊಂಡು ಹೋದವಳು ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ.

ಅವಳು ಹುಬ್ಬಳ್ಳಿಯವಳು. ನರ್ಸಿಂಗ್ ಓದುತ್ತ, ವಾರಕ್ಕೆ ಮೂರು ದಿನ ವೃದ್ಧರ ಆರೈಕೆಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ತಲೆಗೆ ಸ್ಕಾರ್ಫ್, ಕಾಲಿಗೆ ಸದಾ ಬಿಳಿ ಶೂ, ಬಾಯಿತುಂಬ ಮಾತು. ಫ್ರಿಜ್‌ನ ಕೆಳಗಿನ ಅರೆ ಅವಳದು, ಮೇಲಿನವು ನಮ್ಮವು ಎಂಬುದನ್ನು ಬಿಟ್ಟರೆ ಮನೆಯಲ್ಲಿ ಬೇರೆ ಗಡಿಗಳಿರಲಿಲ್ಲ. ನನ್ನನ್ನು ಅಕ್ಕಾ ಅನ್ನುತ್ತಿದ್ದಳು, ಅಮ್ಮನನ್ನು ಆಂಟಿ. ಅಮ್ಮ ಬಂದ ಎರಡನೆಯ ದಿನದಿಂದಲೇ ಅವರಿಬ್ಬರೂ ಸಂಜೆ ಹಿಂದಿನ ಅಂಗಳದಲ್ಲಿ ಕೂತು, ಮೈಸೂರಿನ ಕನ್ನಡ ಹೆಚ್ಚೋ ಹುಬ್ಬಳ್ಳಿಯ ಕನ್ನಡ ಹೆಚ್ಚೋ ಅಂತ ವಾದ ಮಾಡುತ್ತಿದ್ದರು.

ಹಲ್ಲಿನ ಕೆಲಸ ಮುಗಿಸಿ ಮಧ್ಯಾಹ್ನ ಇಬ್ಬರೂ ಮನೆಗೆ ಬಂದಾಗ ಅಮ್ಮನ ಬಾಯಲ್ಲಿ ಹತ್ತಿ ಇತ್ತು, ಮಾತಿರಲಿಲ್ಲ. ಹುಡುಗಿಯ ಬಾಯಲ್ಲಿ ಹತ್ತಿ ಇರಲಿಲ್ಲ, ಆದರೆ ಅವಳಲ್ಲೂ ಅವತ್ತು ಮಾತಿರಲಿಲ್ಲವಂತೆ. ಅದನ್ನು ಅಮ್ಮ ಗಮನಿಸಿದ್ದರು. ಸಂಜೆ ಆಫೀಸಿನಿಂದ ಬಂದ ನಾನು ಗಮನಿಸಿರಲಿಲ್ಲ.

ಆರು ವಾರ ಕಳೆದ ಮೇಲೆ ನನ್ನ ಹೆಸರಿಗೆ ಒಂದು ಕಾಗದ ಬಂತು. ಕೆಂಪು ಅಕ್ಷರದ ತಲೆಬರಹ. ಯಾವುದೋ ಖಾಸಗಿ ಪಾರ್ಕಿಂಗ್ ಕಂಪನಿಯ ಪರವಾಗಿ ವಸೂಲಿ ಏಜೆನ್ಸಿಯವರು ಬರೆದದ್ದು. ಇಂಥ ದಿನ, ಇಂಥ ಜಾಗದಲ್ಲಿ, ನಿಮ್ಮ ಕಾರು ನಿಯಮ ಮೀರಿ ನಿಂತಿತ್ತು, ದಂಡ ಕಟ್ಟಿಲ್ಲ, ಹದಿನಾಲ್ಕು ದಿನದೊಳಗೆ ಕಟ್ಟದಿದ್ದರೆ ಕೋರ್ಟಿಗೆ ಹೋಗಬೇಕಾದೀತು. ನಿಂತಲ್ಲೇ ಮೂರು ಸಲ ಓದಿದೆ. ಕೋರ್ಟ್ ಅನ್ನುವ ಪದ ಓದಿದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು. ಈ ದೇಶಕ್ಕೆ ಬಂದು ಹನ್ನೆರಡು ವರ್ಷವಾದರೂ, ಲೈಬ್ರರಿ ಪುಸ್ತಕವನ್ನು ಗಡುವಿಗೆ ಎರಡು ದಿನ ಮುಂಚೆಯೇ ವಾಪಸು ಕೊಟ್ಟುಬಿಡುವ ಜಾತಿ ನನ್ನದು.

ಹುಡುಗಿ ಕೆಲಸದಿಂದ ಬಂದಳು. ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. ಬ್ಯಾಗು ಕೆಳಗಿಡದೆ ಬಾಗಿಲಲ್ಲೇ ನಿಂತುಬಿಟ್ಟಳು.

"ಅಕ್ಕಾ, ತಪ್ಪಾತ್ರಿ. ನಾ ಹೇಳಬೇಕಿತ್ತು."

ಆಗ ಎಲ್ಲ ಹೊರಬಂತು. ಹಲ್ಲಿನ ಡಾಕ್ಟರಿರುವ ಅಂಗಡಿಸಾಲಿನ ಹಿಂದೆ ಒಂದು ಪಾರ್ಕಿಂಗ್ ಇದೆ. ಎರಡು ಗಂಟೆ ಪುಕ್ಕಟೆ. ಆದರೆ ಬಂದವರು ಮುಂಬಾಗಿಲ ಹತ್ತಿರದ ಯಂತ್ರದಲ್ಲಿ ಕಾರಿನ ನಂಬರು ಒತ್ತಬೇಕಂತೆ. ಇವಳು ಹಿಂದಿನ ಗಲ್ಲಿಯಿಂದ ಕಾರು ಒಳಗೆ ತಂದಿದ್ದಳು. ಯಂತ್ರವನ್ನೂ ನೋಡಲಿಲ್ಲ, ಬೋರ್ಡನ್ನೂ ನೋಡಲಿಲ್ಲ. ಒಂದು ಗಂಟೆಯೊಳಗೆ ಹೊರಬಂದರೆ ವೈಪರಿನ ಕೆಳಗೆ ಚೀಟಿ. ಅಮ್ಮನ ಕಣ್ಣಿಗೆ ಬೀಳುವ ಮುಂಚೆ ಅದನ್ನು ಬ್ಯಾಗಿಗೆ ತುರುಕಿದ್ದಳು. ಹೆದರಿಕೆಯಲ್ಲಿ ಅವತ್ತೇ ಕಂಪನಿಯ ವೆಬ್‌ಸೈಟಿನಲ್ಲಿ ಕ್ಷಮೆ ಕೇಳಿ ಬರೆದಿದ್ದಳು. ಅಲ್ಲಿ ಕಾರಿನ ಯಜಮಾನರ ಹೆಸರು, ವಿಳಾಸ ಕೇಳಿದರು, ನನ್ನದನ್ನು ತುಂಬಿದಳು. ಕ್ಷಮೆ ಸಿಗಲಿಲ್ಲ. ವಿಳಾಸ ಮಾತ್ರ ಅವರಿಗೆ ಸಿಕ್ಕಿತು.

"ನನಗ್ಯಾಕೆ ಹೇಳಲಿಲ್ಲ?" ಅಂದೆ.

"ವೀಸಾಕ್ಕ ಏನರ ಆದ್ರ ಅಂತ ಹೆದರಿದ್ನಿ. ನೀವು ರೂಮ್ ಬಿಡು ಅಂದ್ರ ಅಂತನೂ ಹೆದರಿದ್ನಿ. ನಾನ ಕಟ್ಟತೀನ್ರಿ ಅಕ್ಕಾ, ಈ ಸಲದ ಪಗಾರ ಬರಲಿ."

ಅವಳ ಕಣ್ಣಲ್ಲಿ ನೀರು. ಒಳಗೆ ಟೀ ಸೋಸುತ್ತಿದ್ದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಎಲ್ಲಿ, ಆ ಕಾಗದ ಇಲ್ಲಿ ಕೊಡು."

ನಮ್ಮಮ್ಮ ಯಾರು ಅಂತ ಇಲ್ಲಿ ಹೇಳಲೇಬೇಕು. ಅವರು ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ, ಶಿರಸ್ತೇದಾರರಾಗಿ ನಿವೃತ್ತರಾದವರು. ವಕೀಲರಲ್ಲ, ಜಡ್ಜಿಯೂ ಅಲ್ಲ. ಯಾರಾದರೂ ದಾವೆ ತಂದರೆ ಅದರ ಕಾಗದಪತ್ರ ಸರಿಯಾಗಿದೆಯೇ, ಸ್ಟಾಂಪು ಸಾಕೇ, ಪುಟದ ಸಂಖ್ಯೆ ಹಾಕಿದ್ದಾರೆಯೇ ಅಂತ ನೋಡಿ ಒಳಗೆ ಬಿಡುವ ಕಚೇರಿಯ ಮುಖ್ಯಸ್ಥರು. ದೊಡ್ಡ ದೊಡ್ಡ ವಕೀಲರು ನಮ್ಮಮ್ಮನ ಮೇಜಿನ ಮುಂದೆ ಫೈಲು ಹಿಡಿದು ನಿಂತಿರುತ್ತಿದ್ದುದನ್ನು ಚಿಕ್ಕವಳಿದ್ದಾಗ ನಾನೇ ನೋಡಿದ್ದೇನೆ. ಬೇರೆಯವರ ಅಮ್ಮಂದಿರು ದೇವಸ್ಥಾನದ ಹೆಸರು ಹೇಳುವಷ್ಟು ಸಲೀಸಾಗಿ ಅವರು ಕೋರ್ಟು ಅನ್ನುತ್ತಿದ್ದರು. ನಮಗೆಲ್ಲ ನಡುಕ ಹುಟ್ಟಿಸುವ ಆ ಪದ ಅವರಿಗೆ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದ ಆಫೀಸು.

ಕನ್ನಡಕ ಹಾಕಿಕೊಂಡು ಓದಿದರು. ಮಗುಚಿ ಹಿಂಬದಿಯನ್ನೂ ಓದಿದರು. ಬೆಳಕಿಗೆ ಹಿಡಿದು ನೋಡಿದರು.

"ಮೊಹರು ಎಲ್ಲಿ?" ಅಂದರು.

"ಯಾವ ಮೊಹರು?"

"ಕೋರ್ಟಿನದು. ಕೇಸ್ ನಂಬರ್ ಇಲ್ಲ. ಯಾವ ಕೋರ್ಟು ಅಂತ ಇಲ್ಲ. ಹಾಜರಾಗೋ ತಾರೀಕು ಇಲ್ಲ. ಇಲ್ಲಿ ನೋಡು, ದಾವೆ ಹೂಡಬಹುದು ಅಂತೆ. ಖರ್ಚು ಸೇರಿಸಬಹುದು ಅಂತೆ. ನಿಮ್ಮ ಸಾಲದ ದಾಖಲೆಗೆ ಧಕ್ಕೆ ಆಗಬಹುದು ಅಂತೆ. ಮೂರು ಬಹುದು. ಬಹುದು ಅನ್ನೋನು ಇನ್ನೂ ಮನೆಯಿಂದ ಹೊರಟಿಲ್ಲ ಅಂತ ಅರ್ಥ." ಕಾಗದ ಮಡಿಸಿ ಹುಡುಗಿಯ ಕಡೆ ತಿರುಗಿದರು. "ನೀನು ಬ್ಯಾಗ್ ಇಟ್ಟು ಮುಖ ತೊಳ್ಕೊಂಡು ಬಾ. ಟೀ ಆರ್ತಾ ಇದೆ."

ಆ ವಾರವೆಲ್ಲ ಸಲಹೆಗಳ ಸುರಿಮಳೆ. ಗಣಿಯಿಂದ ಫೋನ್ ಮಾಡಿದ ನನ್ನ ಗಂಡ, "ಕಟ್ಟಿ ಕೈ ತೊಳ್ಕೊಂಡ್ಬಿಡು, ನೆಮ್ಮದಿಗಿಂತ ಹೆಚ್ಚೇನಲ್ಲ" ಅಂದರು. ಅಡಿಲೇಡಿನ ಕಿಲ್ಬರ್ನ್‌ನಲ್ಲಿರುವ ನನ್ನ ತಮ್ಮ, "ಅಕ್ಕ, ಅದನ್ನ ಕಸದ ಬುಟ್ಟಿಗೆ ಹಾಕು. ಇಲ್ಲಿ ಯಾರೂ ಕಟ್ಟಲ್ಲ. ಅದೂ ಬೇಡ ಅಂದ್ರೆ, ಕಾರು ಓಡಿಸ್ತಾ ಇದ್ದದ್ದು ನಾನಲ್ಲ, ಯಾರು ಅಂತ ನೀವೇ ಹುಡುಕ್ಕೊಳಿ ಅಂತ ಬರೆದುಬಿಡು" ಅಂದ. ಹತ್ತು ವರ್ಷದ ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಇವೆಲ್ಲ ಕೇಳಿಸಿಕೊಂಡವಳು, ಅಜ್ಜಿಯ ಹಲ್ಲನ್ನು ಜೈಲಿಗೆ ಹಾಕುತ್ತಾರಾ ಅಂತ ಇಂಗ್ಲಿಷಿನಲ್ಲಿ ವಿಚಾರಿಸಿದಳು.

ಅಮ್ಮ ಯಾವ ಸಲಹೆಯನ್ನೂ ಒಪ್ಪಲಿಲ್ಲ. "ಬಂದ ಕಾಗದಕ್ಕೆ ಉತ್ತರ ಕೊಡಬೇಕು. ಕೊಡದೇ ಇದ್ದರೆ ಒಪ್ಪಿಕೊಂಡ ಹಾಗೆ ಕಾಣುತ್ತೆ. ಹೆದರಿ ಕಟ್ಟೋದೂ ಬೇಡ, ಹೆದರಿ ಬಚ್ಚಿಟ್ಟುಕೊಳ್ಳೋದೂ ಬೇಡ. ಮೊದಲು ಸ್ಥಳ ನೋಡೋಣ."

"ಅಮ್ಮಾ, ನಿಮಗೆ ಇಲ್ಲಿಯ ಕಾನೂನು ಗೊತ್ತಾ?"

"ಕಾನೂನು ಗೊತ್ತಿಲ್ಲ. ಕಾಗದ ಗೊತ್ತು."

ಶನಿವಾರ ಬೆಳಿಗ್ಗೆ ಮಗಳನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು, ಅಮ್ಮ, ಹುಡುಗಿ, ನಾನು ಮೂವರೂ ಹೊರಟೆವು. ಅಮ್ಮ ಹತ್ತಿ ಸೀರೆ, ಮೇಲೆ ನನ್ನ ಗಂಡನ ಸ್ವೆಟರು, ಕಾಲಿಗೆ ಶೂ. ಕೈಚೀಲದಲ್ಲಿ ಬಟ್ಟೆ ಅಳೆಯುವ ಟೇಪು, ರೂಲು ಹಾಕಿದ ಪುಸ್ತಕ, ಎರಡು ಪೆನ್ನು. ಹುಡುಗಿಯೇ ಕಾರು ಓಡಿಸಬೇಕು, ಅವತ್ತು ಬಂದ ದಾರಿಯಲ್ಲೇ ಬರಬೇಕು, ಅಷ್ಟೇ ನಿಧಾನವಾಗಿ ಬರಬೇಕು ಅಂತ ಆಜ್ಞೆಯಾಗಿತ್ತು.

ಹಿಂದಿನ ಗಲ್ಲಿಯಿಂದ ಒಳಗೆ ತಿರುಗಿದೆವು. ಎಡಕ್ಕೆ ಒಂದು ಬಾಟಲ್ ಬ್ರಷ್ ಮರ, ಮೈತುಂಬ ಕೆಂಪು ಹೂ, ಹೂವಿನ ತುಂಬ ಕಿಚಿಪಿಚಿ ಹಕ್ಕಿ. ನೋಡಲು ಬಹಳ ಚೆನ್ನಾಗಿತ್ತು. ಕಾರು ನಿಲ್ಲಿಸಿ, ಇಳಿದು, ಮರದ ಆ ಬದಿಗೆ ಹೋಗಿ ನೋಡಿದರೆ ಅಲ್ಲಿ ಕಂಬ, ಕಂಬದ ಮೇಲೆ ಬೋರ್ಡು. ಕೊಂಬೆಗಳು ಅದನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದವು. ಕಾರಿನಲ್ಲಿ ಕೂತವರಿಗೆ ಅದರ ಒಂದು ಮೂಲೆ ಕಾಣುತ್ತಿತ್ತು, ಅದೂ ಹಿಂದೆ ಬೋರ್ಡಿದೆ ಅಂತ ಗೊತ್ತಿದ್ದರೆ.

ಅಮ್ಮನ ಮುಖ ಅರಳಿತು. "ಮಹಜರು ಮಾಡೋಣ. ಪಂಚರು ಬೇಕು."

ಹುಡುಗಿ ಗಾಬರಿಯಾಗಿ ಟೈರಿನ ಕಡೆ ಓಡಿದಳು. "ಪಂಚರ್ ಆಗಿಲ್ರಿ ಆಂಟಿ. ನಿನ್ನೆನ ಸರ್ವೋ ಬಂಕಿನ್ಯಾಗ ಪೆಟ್ರೋಲ್ ಹಾಕಿಸುವಾಗ ಗಾಳಿನೂ ನೋಡೇನಿ."

ಅಮ್ಮ ಆ ಮರದ ಕೆಳಗೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಪಂಚರು ಅಂದರೆ ಸ್ಥಳದಲ್ಲೇ ನಿಂತು, ಕಂಡದ್ದಕ್ಕೆ ರುಜು ಹಾಕುವ ಸಾಕ್ಷಿಗಳು ಅಂತ ಆಮೇಲೆ ಬಿಡಿಸಿ ಹೇಳಿದರು. ಮನೆಯವರು ಆಗುವುದಿಲ್ಲ, ಹೊರಗಿನವರೇ ಬೇಕು.

ನಾವು ಟೇಪು ಹಿಡಿದು ಗಲ್ಲಿಯಿಂದ ಕಂಬದವರೆಗೆ ಅಳೆಯುವುದನ್ನು ಪಕ್ಕದ ಕ್ಷೌರದಂಗಡಿಯ ಮುದುಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಹತ್ತಿರ ಬಂದು, ಬೇಲಿ ಹಾಕುತ್ತಿದ್ದೀರಾ ಅಂತ ಕೇಳಿದ. ವಿಷಯ ಹೇಳಿದೆ. ಅವನು ತಲೆಯಾಡಿಸಿದ. ತನ್ನ ಗಿರಾಕಿಗಳೂ ಹೀಗೇ ಬೈದುಕೊಂಡು ಬರುತ್ತಾರೆ, ಆದರೆ ಯಾರೂ ಟೇಪು ತಂದಿರಲಿಲ್ಲ ಅಂದ. ಅಮ್ಮ ಹೇಳಿದಂತೆ ನಾನು ಇಂಗ್ಲಿಷಿನಲ್ಲಿ ಬರೆದೆ: ಗಲ್ಲಿಯ ಬಾಗಿಲಿನಿಂದ ಬೋರ್ಡಿಗೆ ಇಷ್ಟು ದೂರ, ಮರ ಇಷ್ಟು ಎತ್ತರ, ಚಾಲಕನ ಸೀಟಿನಿಂದ ಬೋರ್ಡಿನ ಬರಹ ಕಾಣುವುದಿಲ್ಲ. ಕ್ಷೌರಿಕ ತಾನೇ ನಮ್ಮ ಕಾರಿನ ಸೀಟಿನಲ್ಲಿ ಕೂತು, ಕತ್ತು ಉದ್ದ ಮಾಡಿ, ಗಿಡ್ಡ ಮಾಡಿ ನೋಡಿದ. ಕಾಣುವುದಿಲ್ಲ ಅಂತ ಒಪ್ಪಿ ರುಜು ಹಾಕಿದ. ಅದೇ ಸೀಟಿನಿಂದ ಹುಡುಗಿ ಫೋನಿನಲ್ಲಿ ಫೋಟೋ ತೆಗೆದಳು. ಹಲ್ಲಿನ ಡಾಕ್ಟರ ಕೌಂಟರಿನ ಹೆಂಗಸೂ ಬಂದು ನೋಡಿ ಎರಡನೆಯ ರುಜು ಹಾಕಿದಳು; ಜೊತೆಗೆ ಅವತ್ತು ಅಮ್ಮ ಬಂದ ಹೊತ್ತು, ಹೋದ ಹೊತ್ತು ಅಚ್ಚು ಮಾಡಿಕೊಟ್ಟಳು. ಐವತ್ತು ನಿಮಿಷ. ಎರಡು ಗಂಟೆಯ ಅರ್ಧವೂ ಆಗಿರಲಿಲ್ಲ.

ಭಾನುವಾರವೆಲ್ಲ ಉತ್ತರದ ಕಾಗದ. ಅಮ್ಮ ಊಟದ ಮೇಜಿನ ತುದಿಯಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಬೋರ್ಡು ಕಾಣದಿದ್ದ ಮೇಲೆ ಅದರ ಷರತ್ತಿಗೆ ನಾವು ಒಪ್ಪಿದ್ದೆಲ್ಲಿ? ಪುಕ್ಕಟೆ ಸಮಯದೊಳಗೇ ಹೊರಟ ಕಾರಿನಿಂದ ನಿಮಗಾದ ನಷ್ಟವೇನು? ಮುಂದಿನ ಪತ್ರಗಳನ್ನು ವಸೂಲಿಯವರ ಮೂಲಕ ಕಳಿಸಬೇಡಿ, ನೇರ ನಮಗೇ ಬರೆಯಿರಿ. ನಾನು ಮಧ್ಯದಲ್ಲಿ ಸಿಟ್ಟಿನ ಒಂದು ಸಾಲು ಸೇರಿಸಿದ್ದೆ, ನಿಮ್ಮ ವ್ಯವಹಾರ ಹಗಲುದರೋಡೆ ಅಂತ. ಅಮ್ಮ ಅದನ್ನು ಹೊಡೆದುಹಾಕಿಸಿದರು. "ಕಾಗದಕ್ಕೆ ಸಿಟ್ಟು ಬರಬಾರದು. ಓದೋನಿಗೆ ಬರಲಿ."

ಮೂರು ವಾರಕ್ಕೆ ಎರಡೇ ಸಾಲಿನ ಉತ್ತರ ಬಂತು. ನಿಮ್ಮ ತಕರಾರನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ. ಅದಾದ ಒಂದು ತಿಂಗಳಿಗೆ ಇನ್ನೊಂದು ಲಕೋಟೆ ಬಂತು, ದಪ್ಪನೆಯದು. ಒಡೆದು ನೋಡಿದರೆ ಅದರಲ್ಲಿ ಮೊಹರಿತ್ತು, ನಂಬರಿತ್ತು, ಕೋರ್ಟಿನ ಹೆಸರಿತ್ತು. ವಾದಿ: ಪಾರ್ಕಿಂಗ್ ಕಂಪನಿ. ಪ್ರತಿವಾದಿ: ನಾನು.

ನಿಜವಾಗಿಯೂ ಕೋರ್ಟಿಗೆ ಹೋಗುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಅಮ್ಮನ ಮೊಹರಿನ ಮಾತು ಕೇಳಿ, ಇನ್ನೇನು ಗೆದ್ದೇಬಿಟ್ಟೆವು ಅಂತ ಒಳಗೊಳಗೇ ಬೀಗಿದ್ದೆ. ಅಮ್ಮ ಸಮನ್ಸ್ ತೆಗೆದುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, "ಇದು ಸರಿಯಾದ ಕಾಗದ" ಅಂದರು. ದನಿಯಲ್ಲಿ ಒಂಥರಾ ಗೌರವವಿತ್ತು. "ಇದಕ್ಕೆ ಗಡುವಿದೆ. ಗಡುವು ತಪ್ಪಿದರೆ ಕೇಳೋರಿಲ್ಲ. ನಾಳೆನೇ ಯಾರಾದರೂ ತಿಳಿದವರನ್ನ ಕೇಳು. ಇಲ್ಲಿಂದ ಮುಂದೆ ನನ್ನ ವಿದ್ಯೆ ಸಾಲದು."

ಊರಿನಲ್ಲೊಂದು ಉಚಿತ ಕಾನೂನು ಸಲಹಾ ಕೇಂದ್ರವಿತ್ತು. ಮಧ್ಯಾಹ್ನ ರಜೆ ಹಾಕಿ ಹುಡುಗಿಯನ್ನೂ ಕರೆದುಕೊಂಡು ಹೋದೆ. ಅಲ್ಲಿಯ ವಕೀಲೆ ಕಾಗದಗಳನ್ನೆಲ್ಲ ನೋಡಿ ಸಾವಧಾನವಾಗಿ ತಿಳಿಸಿಕೊಟ್ಟಳು. ಇದು ಅಪರಾಧದ ಕೇಸಲ್ಲ, ಹಣದ ಬಗೆಗಿನ ಜಗಳ. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ, ಯಾರ ವೀಸಾಕ್ಕೂ ಇದರಿಂದ ತೊಂದರೆಯಿಲ್ಲ. ದಾವೆಯನ್ನು ಒಪ್ಪುವುದಿಲ್ಲ ಅಂತ ಗಡುವಿನೊಳಗೆ ಅರ್ಜಿ ಕೊಡಬೇಕು. ಆಮೇಲೆ ವಿಚಾರಣೆಗೆ ಮುಂಚೆ ಎರಡೂ ಕಡೆಯವರನ್ನು ಕೋರ್ಟಿನ ರಿಜಿಸ್ಟ್ರಾರ್ ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಇಂಥ ಚಿಕ್ಕ ದಾವೆಗೆ ಸಾಮಾನ್ಯವಾಗಿ ವಕೀಲರು ಬರುವ ಹಾಗಿಲ್ಲ, ನೀವೇ ಮಾತಾಡಬೇಕು.

ವೀಸಾದ ಮಾತು ಕೇಳಿದ ಹುಡುಗಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ನಾಲ್ಕು ತಿಂಗಳಿಂದ ಹೊತ್ತಿದ್ದ ಮೂಟೆ ಇಳಿಸಿದವಳ ಹಾಗೆ. ಹೊರಗೆ ಬಂದ ಮೇಲೆ ನಾನು ಅಂದೆ, "ನಿನ್ನ ಹೆಸರು ತರೋದು ಬೇಡ ಬಿಡು. ಕಾರು ಓಡಿಸಿದ್ದು ನಾನಲ್ಲ ಅಂತಷ್ಟೇ ಬರೆದು ಸುಮ್ಮನಾಗ್ತೀನಿ."

"ಬ್ಯಾಡ್ರಿ ಅಕ್ಕಾ," ಅಂದಳು. "ಕಾರ್ ಹೊಡದಾಕಿ ನಾನು. ಬೋರ್ಡು ಕಾಣಲಿಲ್ಲ ಅಂತ ಹೇಳಬೇಕಾದಾಕಿನೂ ನಾನ. ಒಮ್ಮೆ ಮುಚ್ಚಿಟ್ಟು ನೋಡೇನಿ, ಸಾಕಾಗೇತಿ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಎದ್ದು ಹೋಗಿ ಅವಳಿಗೆ ಎರಡು ಜೋಳದ ರೊಟ್ಟಿ ತಟ್ಟಿದರು. ಮೈಸೂರಿನವರ ರೊಟ್ಟಿ, ನಕ್ಷೆಯಲ್ಲಿ ಆಸ್ಟ್ರೇಲಿಯ ಇದ್ದ ಹಾಗಿತ್ತು. ಅವಳು ಚೂರೂ ಬಿಡದೆ ತಿಂದಳು.

ಅಲ್ಲಿಂದ ನಮ್ಮ ಮನೆ ಕಚೇರಿಯಾಯಿತು. ಅಮ್ಮ ಸ್ಟೇಷನರಿ ಅಂಗಡಿಗೆ ಹೋಗಿ ರಟ್ಟಿನ ಫೈಲು, ಕೆಂಪು ಪೆನ್ಸಿಲು ತಂದರು. ಫೈಲು ಕಟ್ಟುವ ದಾರ ಆ ಅಂಗಡಿಯಲ್ಲಿ ಸಿಗಲಿಲ್ಲ ಅಂತ ಎರಡು ದಿನ ಕೊರಗಿ, ಕೊನೆಗೆ ಶೂ ಲೇಸು ಪೋಣಿಸಿದರು. ಮೊದಲು ವಿಷಯಸೂಚಿ, ಆಮೇಲೆ ತಾರೀಕಿನ ಪ್ರಕಾರ ಪತ್ರಗಳು, ಮಹಜರು, ಫೋಟೋಗಳು, ಹಲ್ಲಿನ ಡಾಕ್ಟರ ಚೀಟಿ. ಪ್ರತಿ ಪುಟದ ಮೂಲೆಗೆ ಕೆಂಪಿನಲ್ಲಿ ಸಂಖ್ಯೆ. ಅದರ ಮೂರು ಪ್ರತಿ: ಕೋರ್ಟಿಗೊಂದು, ಎದುರು ಪಕ್ಷಕ್ಕೊಂದು, ನಮಗೊಂದು. ಎದುರು ಪಕ್ಷದವರಿಗೆ ಇಷ್ಟು ಚೆಂದದ ಫೈಲು ಯಾಕೆ ಅಂತ ನಾನು ಕೇಳಿದೆ. "ಅವರೂ ಓದಬೇಕಲ್ಲ, ಪಾಪ" ಅಂದರು.

ಕೋರ್ಟಿನ ದಿನ ಗೊತ್ತಾಯಿತು. ಅಮ್ಮನ ವಾಪಸು ಟಿಕೆಟ್ಟಿಗೆ ಎರಡು ವಾರ ಮುಂಚೆ. ಅಮ್ಮ ಕಂದು ಅಂಚಿನ ಸೀರೆ ಉಟ್ಟರು. ಹುಡುಗಿಗೆ ಮಧ್ಯಾಹ್ನ ಕೆಲಸವಿದ್ದುದರಿಂದ ಸಮವಸ್ತ್ರದಲ್ಲೇ ಬಂದಳು. ಮೂರು ದಿನದಿಂದ ಕನ್ನಡಿಯ ಮುಂದೆ ನಿಂತು ತನ್ನ ಸಾಕ್ಷಿಯನ್ನು ಉರುಹೊಡೆದಿದ್ದಳು. ಕಟ್ಟಡದೊಳಗೆ ಹೋದ ಕೂಡಲೆ ಅಮ್ಮ ಸುತ್ತ ನೋಡಿದರು. ಕಾಗದದ ಕಟ್ಟು ಹೇರಿದ ತಳ್ಳುಗಾಡಿಯೊಂದನ್ನು ಒಬ್ಬಾಕೆ ತಳ್ಳಿಕೊಂಡು ಹೋದಳು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ನೋಡುತ್ತಲೇ ಇದ್ದರು, ತವರಿನವರನ್ನು ಕಂಡ ಹಾಗೆ.

ಕೋಣೆ ಚಿಕ್ಕದು. ಮಧ್ಯೆ ಒಂದು ಮೇಜು. ರಿಜಿಸ್ಟ್ರಾರ್ ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಹೆಂಗಸು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದಳು. ಕಂಪನಿಯಿಂದ ಬಂದವನು ಟೈ ಕಟ್ಟಿದ, ಸಭ್ಯನಾದ ಒಬ್ಬ ನೌಕರ. ಹುಡುಗಿ ಸಾಕ್ಷಿಯಾದ್ದರಿಂದ ಹೊರಗೆ ಕಾಯಬೇಕಾಯಿತು. ಅಮ್ಮ ನನ್ನ ಹಿಂದೆ ಕೂರಬಹುದೇ ಅಂತ ಕೇಳಿದೆ. ಕೂರಬಹುದು, ಮಾತಾಡುವ ಹಾಗಿಲ್ಲ ಅಂದಳು ರಿಜಿಸ್ಟ್ರಾರ್. ನಮ್ಮಮ್ಮನಿಗೆ ಈ ಷರತ್ತು ಎಷ್ಟು ಕಷ್ಟದ್ದು ಅಂತ ಆಕೆಗೆ ಹೇಗೆ ಗೊತ್ತಾಗಬೇಕು.

ಕಂಪನಿಯವನು ಮೊದಲು ಮಾತಾಡಿದ. ಬೋರ್ಡು ಸ್ಪಷ್ಟವಾಗಿದೆ ಅಂತ ಒಂದು ಫೋಟೋ ತೋರಿಸಿದ. ಅದರಲ್ಲಿ ಬೋರ್ಡು ನಿಜಕ್ಕೂ ಸ್ಪಷ್ಟವಾಗಿತ್ತು, ಹಿಂದೆ ನೀಲಿ ಆಕಾಶ. ಅದು ಮುಂಬಾಗಿಲ ಬೋರ್ಡು, ನಮ್ಮ ಕಾರು ಬಂದದ್ದು ಹಿಂದಿನ ಗಲ್ಲಿಯಿಂದ ಅಂತ ಹೇಳಬೇಕಿತ್ತು ನಾನು. ಹೇಳಿದೆ. ಅದನ್ನು ತೋರಿಸು ಅಂದಳು ರಿಜಿಸ್ಟ್ರಾರ್. ಫೈಲು ತೆರೆದೆ. ನೂರು ಸಲ ನೋಡಿದ ಫೈಲು ಆ ಗಳಿಗೆಯಲ್ಲಿ ಬೇರೆ ಯಾರದೋ ಅನ್ನಿಸಿತು. ಮಹಜರು ತೆಗೆದೆ, ಮುಚ್ಚಿದೆ, ಹಲ್ಲಿನ ಚೀಟಿ ತೆಗೆದೆ. ಬೆರಳು ಬೆವರಿ ಕಾಗದಕ್ಕೆ ಅಂಟುತ್ತಿತ್ತು.

"ಹದಿನಾಲ್ಕು," ಅಂತು ಬೆನ್ನ ಹಿಂದಿನಿಂದ ಒಂದು ದನಿ.

ರಿಜಿಸ್ಟ್ರಾರ್ ಕನ್ನಡಕ ಕೆಳಗಿಳಿಸಿದಳು. ಅವರೇನು ಹೇಳಿದರು ಅಂತ ನನ್ನನ್ನು ಕೇಳಿದಳು.

ಪುಟದ ಸಂಖ್ಯೆ, ಹದಿನಾಲ್ಕು ಅಂತ ಇಂಗ್ಲಿಷಿನಲ್ಲಿ ಅಂದೆ.

ಆಕೆ ತನ್ನ ಪ್ರತಿಯಲ್ಲಿ ಹದಿನಾಲ್ಕನೆಯ ಪುಟ ತೆರೆದಳು. ಕಂಪನಿಯವನೂ ತನ್ನದನ್ನು ತೆರೆದ. ಚಾಲಕನ ಸೀಟಿನಿಂದ ತೆಗೆದ ಫೋಟೋ. ಪುಟದ ತುಂಬ ಕೆಂಪು ಹೂ.

ಇದರಲ್ಲಿ ನಿಮಗೆ ಏನು ಕಾಣುತ್ತದೆ ಅಂತ ರಿಜಿಸ್ಟ್ರಾರ್ ಅವನನ್ನು ಕೇಳಿದಳು.

ಅವನು ಬಹಳ ಹೊತ್ತು ನೋಡಿದ. ಪ್ರಾಮಾಣಿಕ ಮನುಷ್ಯ. "ಮರ," ಅಂದ.

ಆಮೇಲೆ ಆಕೆ ಕಾರು ಎಷ್ಟು ಹೊತ್ತು ನಿಂತಿತ್ತು ಅಂತ ಕೇಳಿದಳು. ಹದಿನೇಳನೆಯ ಪುಟ, ಈ ಸಲ ನಾನೇ ಹೇಳಿದೆ. ಎರಡು ಗಂಟೆ ಪುಕ್ಕಟೆ ಇರುವ ಕಡೆ ಐವತ್ತು ನಿಮಿಷ ನಿಂತ ಕಾರಿನಿಂದ ನಿಮ್ಮ ಕಂಪನಿಗೆ ಆದ ನಷ್ಟವನ್ನು ವಿಚಾರಣೆಯಲ್ಲಿ ಹೇಗೆ ತೋರಿಸುತ್ತೀರಿ ಅಂತ ಅವನನ್ನು ಕೇಳಿದಳು. ಅವನು ಫೋನ್ ಮಾಡಲು ಹತ್ತು ನಿಮಿಷ ಬೇಡಿದ. ಹೊರಗೆ ಹೋಗಿ ಐದೇ ನಿಮಿಷಕ್ಕೆ ಬಂದ. ನಮ್ಮವರು ದಾವೆ ಹಿಂತೆಗೆದುಕೊಳ್ಳುತ್ತಾರೆ, ಅವರವರ ಖರ್ಚು ಅವರವರದು, ಒಪ್ಪಿಗೆಯೇ ಅಂದ. ನಾನು ಹಿಂದೆ ತಿರುಗಿ ನೋಡಿದೆ. ಮಾತಾಡುವ ಹಾಗಿಲ್ಲವಾದ್ದರಿಂದ ಅಮ್ಮ ಕಣ್ಣು ಮುಚ್ಚಿ ತೆರೆದರು. ಒಪ್ಪಿಗೆ ಅಂದೆ.

ಎದ್ದು ಹೊರಡುವಾಗ ರಿಜಿಸ್ಟ್ರಾರ್ ಫೈಲನ್ನು ಕೈಯಲ್ಲಿ ಹಿಡಿದು, ಇದನ್ನು ಸಿದ್ಧಮಾಡಿದ್ದು ಯಾರು ಅಂದಳು. ನಮ್ಮ ತಾಯಿ, ಊರಿನಲ್ಲಿ ಕೋರ್ಟಿನ ಕಚೇರಿಯಲ್ಲಿದ್ದರು ಅಂದೆ. ಆಕೆ ಅಮ್ಮನ ಕಡೆ ತಿರುಗಿ, ಇಲ್ಲಿಗೆ ಬರುವವರಲ್ಲಿ ಅರ್ಧ ಜನ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ ಅಂದಳು. ಅಮ್ಮ ತಮ್ಮ ಕೋರ್ಟಿನ ಇಂಗ್ಲಿಷಿನಲ್ಲಿ, "ನಮ್ಮಲ್ಲೂ ಹಾಗೇ ಮೇಡಂ" ಅಂದರು. ಇಬ್ಬರೂ ನಕ್ಕರು, ಬಹಳ ಕಾಲದ ಸಹೋದ್ಯೋಗಿಗಳ ಹಾಗೆ.

ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದ ಹುಡುಗಿ ತಟ್ಟನೆ ಎದ್ದಳು. "ನನ್ನ ಕರದ್ರೇನ್ರಿ?"

"ಮುಗೀತು. ವಾಪಸ್ ತಗೊಂಡರು," ಅಂದೆ.

ಅವಳು ಅಮ್ಮನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಆಮೇಲೆ ಸ್ವಲ್ಪ ಮುಖ ಸಪ್ಪಗೆ ಮಾಡಿ, "ಅಷ್ಟು ಪಾಠ ಮಾಡಿದ್ದೆಲ್ಲಾ ಹಂಗ ಉಳೀತಲ್ರಿ" ಅಂದಳು. ಲಿಫ್ಟಿನಲ್ಲಿ ನಾವು ಮೂವರೇ ಇದ್ದೆವು. ಹೇಳಿಬಿಡು ಅಂದರು ಅಮ್ಮ. ಮೂರು ಮಹಡಿ ಇಳಿಯುವಷ್ಟರಲ್ಲಿ ಅವಳು ತನ್ನ ಸಾಕ್ಷಿಯನ್ನು ಪೂರ್ತಿ, ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ ನುಡಿದಳು. ಚೆನ್ನಾಗಿತ್ತು.

ಅವಳು ಮಧ್ಯಾಹ್ನದ ಕೆಲಸವನ್ನು ಗೆಳತಿಗೆ ವಹಿಸಿದಳು. ನಾನು ಆಫೀಸಿಗೆ ಪೂರ್ತಿ ರಜೆ ಹೇಳಿದೆ. ಊರಿಗೆ ಹೋಗುವ ಮುಂಚೆ ದ್ರಾಕ್ಷಿತೋಟ ನೋಡಬೇಕು ಅಂತ ಅಮ್ಮ ಬಂದಾಗಿನಿಂದ ಹೇಳುತ್ತಿದ್ದರು. ಒಂದಲ್ಲ ಒಂದು ಕಾರಣಕ್ಕೆ ಆಗಿರಲಿಲ್ಲ. ಸ್ವಾನ್ ವ್ಯಾಲಿಗೆ ಹೋದೆವು. ದಾರಿಬದಿಯ ತೋಟದ ಅಂಗಡಿಯಲ್ಲಿ ಕಪ್ಪು ದ್ರಾಕ್ಷಿ ಕೊಂಡು, ಮರದ ಕೆಳಗಿನ ಬೆಂಚಿನ ಮೇಲೆ ಕೂತೆವು. ಬಿಸಿಲು ಹದವಾಗಿತ್ತು. ಹುಡುಗಿ ಶೂ ಬಿಚ್ಚಿ ಹುಲ್ಲಿನ ಮೇಲೆ ಕಾಲು ಚಾಚಿದ್ದಳು.

"ಆಂಟಿ, ನಿಮಗ ಒಂಚೂರೂ ಹೆದರಿಕೀನ ಆಗಲಿಲ್ಲಲ್ರಿ," ಅಂದಳು.

ಅಮ್ಮ ದ್ರಾಕ್ಷಿಯ ಬೀಜ ಉಗಿದರು.

"ಇವತ್ತು ಬೆಳಿಗ್ಗೆ ತಿಂಡಿ ಸೇರಲಿಲ್ಲ ನನಗೆ," ಅಂದರು. "ಮೂವತ್ತೆರಡು ವರ್ಷ ಮೇಜಿನ ಆ ಕಡೆ ಕೂತೋಳು. ಕಕ್ಷಿದಾರರ ಕಡೆ ಕುರ್ಚೀಲಿ ಕೂತದ್ದು ಇವತ್ತೇ. ನೀನು ಪುಟ ಹುಡುಕೋವಾಗ ಸುಮ್ಮನೆ ಕೂರೋಕೆ ಆಗಲಿಲ್ಲ ನನಗೆ." ಇದು ನನಗೆ ಹೇಳಿದ್ದು. "ನನ್ನ ಮುಂದೇನೂ ಜನ ಹಾಗೇ ತಡಕಾಡ್ತಿದ್ದರು. ಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಬಂದಿರೋರು. ಬೇಗ ತೆಗೀರಿ, ಇನ್ನೂ ಐವತ್ತು ಜನ ಇದ್ದಾರೆ ಅಂತ ಗದರ್ತಿದ್ದೆ. ಪುಟ ಎಷ್ಟು ಅಂತ ನನಗೆ ಗೊತ್ತೇ ಇರ್ತಿತ್ತು. ಹೇಳಬಹುದಾಗಿತ್ತು."

ಅಮ್ಮ ಬೇಸರದಲ್ಲಿದ್ದರು ಅಂತಲ್ಲ. ಕನ್ನಡಕ ಒರೆಸಿಕೊಂಡು ಹೊಸದಾಗಿ ನೋಡುವವರ ಹಾಗೆ ಸಾಲುಸಾಲು ಬಳ್ಳಿಗಳ ಕಡೆ ನೋಡುತ್ತಿದ್ದರು. ಹುಡುಗಿ ಇನ್ನೊಂದು ಗೊಂಚಲನ್ನು ಬಾಟಲಿಯ ನೀರಿನಲ್ಲಿ ತೊಳೆದು ಅವರ ಮಡಿಲಿಗೆ ಇಟ್ಟಳು. ಅಮ್ಮ ಅದರಲ್ಲಿ ಅರ್ಧ ಕಿತ್ತು ನನಗೆ ಕೊಟ್ಟರು. ತೋಟದ ಯಜಮಾನಿ ಬಂದು, ಬೇಕಿದ್ದರೆ ಒಳಗೆ ಹೋಗಿ ಬಳ್ಳಿ ನೋಡಬಹುದು ಅಂದಳು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಬಳ್ಳಿಗೆ ನೀರು ಹೇಗೆ ಬಿಡುತ್ತೀರಿ, ವರ್ಷಕ್ಕೆ ಎಷ್ಟು ಸಲ ಕತ್ತರಿಸುತ್ತೀರಿ, ಹಕ್ಕಿ ಕಾಟಕ್ಕೆ ಏನು ಮಾಡುತ್ತೀರಿ ಅಂತ ಕೇಳುತ್ತ ಆಕೆಯ ಜೊತೆ ಸಾಲಿನ ನಡುವೆ ನಡೆದು ಹೋದರು. ನಾವು ಕರೆಯುವವರೆಗೂ ವಾಪಸು ಬರಲಿಲ್ಲ.